ಕೈ ಸಡಿಲವಾಗುವ ಹೊತ್ತು

ನೋವು ಹೋದರೆ ರೋಗವೂ ಹೋಯಿತು ಎಂಬ ಮಾತು ನಮ್ಮ ಕಡೆ ಎಷ್ಟು ಸಲೀಸಾಗಿ ಬಾಯಿಗೆ ಬರುತ್ತದೆಂದರೆ, ಅದೊಂದು ನಂಬಿಕೆ, ಅದು ತಪ್ಪಿರಲೂಬಹುದು ಎಂಬುದು ಯಾರಿಗೂ ಹೊಳೆಯುವುದಿಲ್ಲ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯ ಕೀಲುನೋವಿನವರನ್ನು ನರ್ಸಾಗಿ ಬಹಳ ವರ್ಷ ನೋಡಿಕೊಂಡ ನನ್ನ ಕಿವಿಗೆ ಅದು ಹೆಚ್ಚಾಗಿ ಬಿದ್ದಿರುವುದು ಕೋರಿಕೆಯ ರೂಪದಲ್ಲಿ: “ಸಿಸ್ಟರಮ್ಮ, ಹೋದ ಸಲ ಹಾಕಿದ್ರಲ್ಲ, ಅದೇ ಸೂಜಿ ಹಾಕಿ. ಎಂಟು ದಿನ ಕೈ ಹಗುರಾಗಿತ್ತು.” ಹೀಗೆ ಕೇಳಿದವರಲ್ಲಿ ಕೂಲಿಯವರಿದ್ದಾರೆ, ಮೇಷ್ಟ್ರುಗಳಿದ್ದಾರೆ, ನನ್ನ ಜೊತೆ ಕೆಲಸ ಮಾಡಿದ ನರ್ಸುಗಳೂ ಇದ್ದಾರೆ. ಆದ್ದರಿಂದ ಇದನ್ನು ಹಳ್ಳಿಯವರ ಅಜ್ಞಾನವೆಂದು ಬದಿಗಿಡಲು ಬರುವುದಿಲ್ಲ. ಈ ಮಾತಿನೊಳಗೆ ಎರಡು ಬೇರೆ ಸಂಗತಿಗಳು ಒಂದಕ್ಕೊಂದು ಅಂಟಿಕೊಂಡಿವೆ. ಅವನ್ನು ಬಿಡಿಸಿ ನೋಡಿದರೆ ಸಂಧಿವಾತದವರ ಆರೈಕೆ ಎಂದರೇನು, ಅದರಲ್ಲಿ ನರ್ಸಿನ ಪಾಲು ಯಾವುದು ಎಂಬ ಪ್ರಶ್ನೆಗೂ ಬೇರೆಯೇ ಉತ್ತರ ಸಿಗುತ್ತದೆ.

ಮೊದಲು ಆ ನಂಬಿಕೆಯ ಪರವಾಗಿ ಹೇಳಬೇಕಾದದ್ದನ್ನು ಹೇಳುತ್ತೇನೆ. ಮನುಷ್ಯನಿಗೆ ರೋಗ ಗೊತ್ತಾಗುವುದೇ ನೋವಿನಿಂದ. ತಲೆನೋವು, ಉಳುಕು, ಹಲ್ಲುನೋವು, ಜ್ವರದ ಮೈಕೈನೋವು ಎಲ್ಲದರಲ್ಲೂ ನೋವು ಇಳಿಯುವುದು ವಾಸಿಯಾಗುತ್ತಿರುವುದರ ಗುರುತು, ಬಹುತೇಕ ಸಲ ಆ ಗುರುತು ಸುಳ್ಳಾಗುವುದೂ ಇಲ್ಲ. 2006ರಲ್ಲಿ ಚಿಕೂನ್‌ಗುನ್ಯ ಬಂದಾಗ ಕರ್ನಾಟಕವೊಂದರಲ್ಲೇ ಏಳೂವರೆ ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ದಾಖಲಾದವು, ಚಿತ್ರದುರ್ಗವೂ ಆ ಹೊಡೆತ ತಿಂದ ಜಿಲ್ಲೆಗಳಲ್ಲೊಂದು. ಊರಿಗೆ ಊರೇ ಗೋಡೆ ಹಿಡಿದು ನಡೆಯಿತು. ಕೆಲವರಿಗೆ ತಿಂಗಳುಗಟ್ಟಲೆ, ಇನ್ನು ಕೆಲವರಿಗೆ ವರ್ಷಗಟ್ಟಲೆ ನೋವು ಉಳಿದರೂ ಬಹುಪಾಲು ಮಂದಿಗೆ ಗುಳಿಗೆ, ವಿಶ್ರಾಂತಿ, ಕಾಲ ಇಷ್ಟರಲ್ಲೇ ಅದು ಇಳಿಯಿತು. ಒಂದು ಇಡೀ ತಲೆಮಾರು ಕೀಲುನೋವಿನ ಬಗ್ಗೆ ಕಲಿತ ಪಾಠ ಅದೇ: ಬರುತ್ತದೆ, ಸೂಜಿ ಹಾಕಿಸಿಕೊಂಡು ತಡೆದುಕೊಂಡರೆ ಹೋಗುತ್ತದೆ. ವಯಸ್ಸಾದವರ ಮಂಡಿ ಸವೆತದಲ್ಲಂತೂ ನೋವು ಕಡಿಮೆ ಮಾಡುವುದು, ತೊಡೆಯ ಸ್ನಾಯು ಗಟ್ಟಿ ಮಾಡುವುದು, ತೂಕ ಇಳಿಸುವುದು ಇವೇ ಚಿಕಿತ್ಸೆಯ ಬಹುಭಾಗ. ಸವೆದದ್ದನ್ನು ಮತ್ತೆ ಬೆಳೆಸುವ ಗುಳಿಗೆ ಇನ್ನೂ ಬಂದಿಲ್ಲ. ಹೀಗೆ ಹತ್ತರಲ್ಲಿ ಎಂಟು ಸಲ ಸರಿಹೋಗುವ ನಂಬಿಕೆಯನ್ನು ಉಳಿದೆರಡು ಸಲಕ್ಕಾಗಿ ಅನುಮಾನಿಸು ಎಂದರೆ ಯಾರಿಗಾದರೂ ಕಷ್ಟವೇ.

ಗೊಂದಲ ಶುರುವಾಗುವುದು ‘ಕೀಲುನೋವು’ ಎಂಬ ಪದದಿಂದ. ಅದು ಒಂದು ರೋಗದ ಹೆಸರಲ್ಲ, ಹಲವು ರೋಗಗಳು ಬಂದು ನಿಲ್ಲುವ ಒಂದೇ ಬಾಗಿಲು. ಹೊಳಲ್ಕೆರೆ ಕಡೆಯ ಅಡಿಕೆ ಸುಲಿಯುವ ನಲವತ್ತರ ಹೆಂಗಸು, ಹಿರಿಯೂರಿನ ಬೋರ್‌ವೆಲ್ ನೀರು ಕುಡಿದೇ ಬೆಳೆದ ಐವತ್ತೈದರ ರೈತ, ಹೊಸದುರ್ಗದ ಎಪ್ಪತ್ತರ ಅಜ್ಜಿ ಮೂವರೂ ಒಂದೇ ಬೆಂಚಿನ ಮೇಲೆ ಕೂತು “ಕೀಲೆಲ್ಲ ಹಿಡ್ಕೊಂಡೈತೆ” ಎಂದು ಒಂದೇ ಮಾತು ಹೇಳಬಹುದು. ಹೆಂಗಸಿನದು ರುಮಟಾಯ್ಡ್ ಸಂಧಿವಾತವಿರಬಹುದು: ಮೈಯ ರಕ್ಷಣಾ ವ್ಯವಸ್ಥೆಯೇ ಕೀಲಿನ ಒಳಪೊರೆಯ ಮೇಲೆ ತಿರುಗಿಬಿದ್ದು ಮಾಡುವ ಉರಿ. ರೈತನದು ಫ್ಲೋರೋಸಿಸ್ ಇರಬಹುದು. ಈ ಜಿಲ್ಲೆಯ ಅಂತರ್ಜಲದಲ್ಲಿ ಹಲವೆಡೆ ಫ್ಲೋರೈಡು ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿಯನ್ನು ದಾಟಿರುವುದು ಹೊಸ ಸುದ್ದಿಯಲ್ಲ. ವರ್ಷಾನುಗಟ್ಟಲೆ ಆ ನೀರು ಕುಡಿದವರ ಮೂಳೆಯಲ್ಲಿ, ಸ್ನಾಯುಬಂಧಗಳಲ್ಲಿ ಅದು ಕೂತು ಬೆನ್ನು ಬಗ್ಗದಂತೆ, ಕತ್ತು ತಿರುಗದಂತೆ ಮಾಡುತ್ತದೆ. ಅಜ್ಜಿಯದು ಬರಿಯ ಮಂಡಿ ಸವೆತ. ಒಬ್ಬರಿಗೆ ಬೇಕಾದದ್ದು ವಾರಕ್ಕೊಮ್ಮೆ ನುಂಗುವ ಗುಳಿಗೆ, ಒಬ್ಬರಿಗೆ ಬೇರೆ ನೀರು, ಒಬ್ಬರಿಗೆ ವ್ಯಾಯಾಮ ಮತ್ತು ಊರುಗೋಲು. ಮೂವರಿಗೂ ಡೈಕ್ಲೋಫಿನ್ಯಾಕ್ ಸೂಜಿ ಹಾಕಿದರೆ ಮೂವರಿಗೂ ಎರಡು ದಿನ ಹಗುರಾಗುತ್ತದೆ, ಆ ಹಗುರೇ ಮೂರು ರೋಗಗಳ ನಡುವಿನ ವ್ಯತ್ಯಾಸವನ್ನು ಮುಚ್ಚಿಬಿಡುತ್ತದೆ. ಇಲ್ಲೊಂದು ಮಾತು ಸೇರಿಸಬೇಕು. ಎಲ್ಲವನ್ನೂ ‘ವಾಯು’ ಎಂದು ಒಂದೇ ಬುಟ್ಟಿಗೆ ಹಾಕುವುದು ನಮ್ಮ ಪರಂಪರೆ ಎಂದುಕೊಂಡವರಿದ್ದಾರೆ, ಅದೂ ಸರಿಯಲ್ಲ. ಚರಕಸಂಹಿತೆ ಸಂಧಿಗತವಾತವನ್ನೂ ವಾತರಕ್ತವನ್ನೂ ಬೇರೆ ಮಾಡಿ ಹೇಳುತ್ತದೆ. ಮಾಧವನಿದಾನವಂತೂ ಆಮವಾತಕ್ಕೆ ಒಂದು ಅಧ್ಯಾಯವನ್ನೇ ಕೊಟ್ಟಿದೆ. ಹಳೆಯ ವೈದ್ಯರು ಕಷ್ಟಪಟ್ಟು ಬಿಡಿಸಿಟ್ಟಿದ್ದನ್ನು ಮತ್ತೆ ಕಲಸಿದವರು ನಾವು, ಸೂಜಿಯ ಕಾಲದವರು.

ಬಿಡಿಸುವ ಕೆಲಸಕ್ಕೆ ದುಬಾರಿ ಯಂತ್ರವೇ ಬೇಕೆಂದು ಜನ ತಿಳಿಯುತ್ತಾರೆ. ರಕ್ತಪರೀಕ್ಷೆ, ಎಕ್ಸ್-ರೇ ಬೇಕು ನಿಜ. ಆದರೆ ಯಾರಿಗೆ ಯಾವುದನ್ನು ಮಾಡಿಸಬೇಕೆಂಬ ದಾರಿ ತೆರೆಯುವುದು ಕೆಲವು ಸರಳ ಪ್ರಶ್ನೆಗಳು. ಅವನ್ನು ಕೇಳಲು ಹೊತ್ತಿರುವುದು ಹೆಚ್ಚಾಗಿ ನರ್ಸಿಗೆ, ಕೇಳಿದ್ದಕ್ಕೆ ನಿಜ ಉತ್ತರ ಸಿಗುವುದೂ ಆಕೆಗೇ. ನಾನು ಕೇಳುತ್ತ ಬಂದವು ಇವು:

1. ಬೆಳಿಗ್ಗೆ ಎದ್ದ ಮೇಲೆ ಕೈ ಸಡಿಲವಾಗಲು ಎಷ್ಟು ಹೊತ್ತು ಬೇಕು? ಸವೆತದ ಬಿಗಿತ ಹತ್ತು-ಹದಿನೈದು ನಿಮಿಷದಲ್ಲಿ ಬಿಡುತ್ತದೆ, ಕೆಲಸ ಮಾಡಿದಷ್ಟೂ ಸಂಜೆಗೆ ನೋವು ಏರುತ್ತದೆ. ರುಮಟಾಯ್ಡ್ ಸಂಧಿವಾತದಲ್ಲಿ ತಾಸು, ಎರಡು ತಾಸು ಬೆರಳು ಮಡಚಲು ಬರುವುದಿಲ್ಲ, ಆಡಿಸಿದರೆ ಸಡಿಲವಾಗುತ್ತದೆ. ನಮ್ಮವರು ಗಡಿಯಾರ ನೋಡಿ ಹೇಳುವುದಿಲ್ಲ. “ಹಾಲು ಕರೆಯಾಕಾಗಲ್ಲ, ಬಿಸಿಲು ಜಗುಲಿಗೆ ಬಂದ ಮ್ಯಾಲೆ ಕೈ ಬರ್ತವೆ” ಎನ್ನುತ್ತಾರೆ. ಅದಕ್ಕಿಂತ ನಿಖರವಾದ ಅಳತೆ ನನಗೆ ಬೇಕಿಲ್ಲ.

2. ಎರಡೂ ಕೈಯಲ್ಲಿ ಒಂದೇ ಕಡೆ ಊತವಿದೆಯೇ? ಉಂಗುರ, ಬಳೆ ಬಿಗಿಯಾಗಿವೆಯೇ? ಮುದ್ದೆ ತಿರುವುವವರು ಈಗ ಯಾರು?

3. ಯಾವ ನೀರು ಕುಡಿಯುತ್ತೀರಿ, ಎಷ್ಟು ವರ್ಷದಿಂದ? ಮಕ್ಕಳ ಹಲ್ಲು ಕಂದಿದೆಯೇ?

4. ಈವರೆಗೆ ಏನು ತೆಗೆದುಕೊಂಡಿರಿ? ಗುಳಿಗೆ ಅಷ್ಟೇ ಅಲ್ಲ, ಪೊಟ್ಟಣದ ಪುಡಿ, ಎಣ್ಣೆ, ಸೂಜಿ ಎಲ್ಲ.

ಮೂರನೆಯ ಪ್ರಶ್ನೆ ಒಂದು ಇಕ್ಕಟ್ಟನ್ನೂ ಹೊರಗೆ ತರುತ್ತದೆ. ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿ 20 ಲೀಟರಿನ ಕ್ಯಾನು ತುಂಬಿಸಿಕೊಳ್ಳಬಹುದು, ಆದರೆ ಬೆರಳು ಊದಿದ ಹೆಂಗಸು ಅದನ್ನು ಎತ್ತಲಾರಳು. ಮನೆಯಲ್ಲಿ ತರುವವರಿಲ್ಲದಿದ್ದರೆ ಮತ್ತೆ ಬೋರಿನ ನೀರೇ ಗತಿ. ಹಾಗೆ ಒಂದು ಕೀಲುರೋಗ ಇನ್ನೊಂದಕ್ಕೆ ದಾರಿ ಮಾಡುತ್ತದೆ. ಇದು ಯಾವ ಲ್ಯಾಬ್ ವರದಿಯಲ್ಲೂ ಬರುವುದಿಲ್ಲ. ಲ್ಯಾಬ್ ವರದಿಯ ಮೇಲಿನ ಭಕ್ತಿಯೂ ಇದೇ ಗೊಂದಲದ ಇನ್ನೊಂದು ಮುಖ. ರುಮಟಾಯ್ಡ್ ಪತ್ತೆಗೆ ಮಾಡಿಸುವ ರಕ್ತಪರೀಕ್ಷೆಯ ‘ಆರ್‌ಎ ಫ್ಯಾಕ್ಟರ್ ಪಾಸಿಟಿವ್’ ಎಂಬ ಚೀಟಿ ಹಿಡಿದು ಅಳುತ್ತ ಬರುವವರಲ್ಲಿ ಕೆಲವರಿಗೆ ಸಂಧಿವಾತವೇ ಇರುವುದಿಲ್ಲ. ‘ನೆಗೆಟಿವ್’ ಎಂದು ನೆಮ್ಮದಿಯಾಗಿ ಮನೆಗೆ ಹೋದ ಕೆಲವರ ಬೆರಳುಗಳು ಎರಡು ವರ್ಷದಲ್ಲಿ ಸೊಟ್ಟಗಾಗಿರುತ್ತವೆ.

ಈಗ ಮುಖ್ಯ ಗಂಟಿಗೆ ಬರುತ್ತೇನೆ. ರುಮಟಾಯ್ಡ್ ಸಂಧಿವಾತದಲ್ಲಿ ನೋವು ಒಂದು ಕೆಲಸ, ಕೀಲಿನ ನಾಶ ಇನ್ನೊಂದು ಕೆಲಸ. ಎರಡಕ್ಕೂ ಮೂಲ ಒಳಪೊರೆಯ ಉರಿಯೇ ಆದರೂ ಎರಡೂ ಜೊತೆಜೊತೆಗೆ ಏರಿಳಿಯಬೇಕೆಂಬ ನಿಯಮವಿಲ್ಲ. ನೋವುನಿವಾರಕ ಗುಳಿಗೆ ನೋವನ್ನು ತಗ್ಗಿಸುತ್ತದೆ, ಕೀಲಿನ ಅಂಚಿನ ಮೂಳೆಯನ್ನು ಕೊರೆಯುವ ಕೆಲಸವನ್ನು ನಿಲ್ಲಿಸುವುದಿಲ್ಲ. ಆ ಕೊರೆತ ಬಹಳ ಮಂದಿಯಲ್ಲಿ ಮೊದಲ ಎರಡು ವರ್ಷದೊಳಗೇ ಶುರುವಾಗಿರುತ್ತದೆ, ಒಮ್ಮೆ ಆದದ್ದು ತುಂಬಿ ಬರುವುದಿಲ್ಲ. ನಮ್ಮಲ್ಲಿ ಸೂಜಿ, ಪುಡಿ, ದೇವರು, ಎಣ್ಣೆ ಎಂದು ಅಲೆದು ಸರಿಯಾದ ಚಿಕಿತ್ಸೆಗೆ ಬಂದು ಮುಟ್ಟುವ ಹೊತ್ತಿಗೆ ಆ ಎರಡು ವರ್ಷ ಮುಗಿದಿರುತ್ತವೆ. ಈ ತಪ್ಪನ್ನು ನಮ್ಮ ಹಳ್ಳಿಗಳಿಗಿಂತ ಮೊದಲು ವೈದ್ಯಲೋಕವೇ ಮಾಡಿದೆ, ಅದೂ ದೊಡ್ಡ ಸಂಭ್ರಮದಲ್ಲಿ. ಅಮೆರಿಕದ ಮೇಯೋ ಕ್ಲಿನಿಕ್ಕಿನ ಫಿಲಿಪ್ ಹೆಂಚ್ ಎಂಬ ವೈದ್ಯರು ಬಸುರಿನಲ್ಲೂ ಕಾಮಾಲೆಯಲ್ಲೂ ಸಂಧಿವಾತ ತಾನಾಗಿ ತಗ್ಗುವುದನ್ನು ಗಮನಿಸಿ, ಮೈಯೊಳಗೇ ಯಾವುದೋ ವಸ್ತು ಇದನ್ನು ಮಾಡುತ್ತಿರಬೇಕೆಂದು ಹುಡುಕುತ್ತ ಹೋದರು. 1948ರ ಸೆಪ್ಟೆಂಬರಿನಲ್ಲಿ, ಕಾರ್ಟಿಸೋನ್ ಎಂದು ನಾವೀಗ ಕರೆಯುವ ಸ್ಟೀರಾಯ್ಡನ್ನು ಹಾಸಿಗೆ ಹಿಡಿದಿದ್ದ ಒಬ್ಬ ಹೆಂಗಸಿಗೆ ಕೊಟ್ಟಾಗ ಆಕೆ ಕೆಲವೇ ದಿನಗಳಲ್ಲಿ ಎದ್ದು ನಡೆದಳು. 1950ರಲ್ಲಿ ಹೆಂಚ್, ಕೆಂಡಾಲ್, ರೈಖ್‌ಸ್ಟೈನ್ ಮೂವರಿಗೆ ನೊಬೆಲ್ ಬಂತು. ಸಂಧಿವಾತ ಗೆದ್ದೆವು ಎಂದು ಲೋಕವೇ ನಂಬಿತು. ಮುಂದಿನ ಕೆಲವೇ ವರ್ಷಗಳಲ್ಲಿ ಮುಖ ಊದಿದವರು, ಮೂಳೆ ಪೊಳ್ಳಾದವರು, ಸಕ್ಕರೆ ಏರಿದವರು, ಔಷಧ ನಿಲ್ಲಿಸಿದ ಕೂಡಲೇ ಮೊದಲಿಗಿಂತ ಹೆಚ್ಚಾಗಿ ಬಿದ್ದವರು ಸಾಲುಗಟ್ಟಿದರು. ಎದ್ದು ನಡೆದದ್ದು ನಿಜ, ರೋಗ ಹೋದದ್ದು ನಿಜವಲ್ಲ. ಆ ಅಂತರವನ್ನು ಕಾಣಲು ನೊಬೆಲ್ ಸಮಿತಿಗೇ ಆಗಲಿಲ್ಲವೆಂದಾಗ, ಡೆಕ್ಸಾ ಎಂಬ ಸ್ಟೀರಾಯ್ಡ್ ಸೂಜಿಯ ಮರುದಿನ ಹೊಲಕ್ಕೆ ಹೋಗಲು ಸಾಧ್ಯವಾದ ಹೆಂಗಸು ಅದನ್ನು ಕಾಣಲಿಲ್ಲವೆಂದು ಬೈಯುವುದು ನ್ಯಾಯವಲ್ಲ.

ಇದಕ್ಕೆ ತಿಳಿದವರೊಬ್ಬರು ಹೀಗೆ ಆಕ್ಷೇಪಿಸಬಹುದು: ಸ್ಟೀರಾಯ್ಡ್ ಬರೀ ನೋವು ಮುಚ್ಚುವ ವಸ್ತುವಲ್ಲ, ಉರಿಯನ್ನೇ ತಗ್ಗಿಸುತ್ತದೆ, ಕಡಿಮೆ ಪ್ರಮಾಣದಲ್ಲಿ ಕೊಟ್ಟರೆ ಕೊರೆತವನ್ನೂ ಸ್ವಲ್ಪ ತಡೆಯುತ್ತದೆ, ತಜ್ಞರೇ ಬರೆಯುತ್ತಾರಲ್ಲ? ಹೌದು, ಆಕ್ಷೇಪ ಸರಿಯಾಗಿದೆ. ಅದಕ್ಕೇ ನಾನು ಸ್ಟೀರಾಯ್ಡನ್ನು ಕೆಟ್ಟದ್ದೆಂದು ಹೇಳುತ್ತಿಲ್ಲ. ನಿಧಾನವಾಗಿ ಕೆಲಸ ಮಾಡುವ ಔಷಧ ಹತ್ತುವವರೆಗೆ, ಆರರಿಂದ ಹನ್ನೆರಡು ವಾರ, ಅದು ಸೇತುವೆ. ಪ್ರಮಾಣ ಗೊತ್ತಿದ್ದು, ಮುಗಿಸುವ ದಿನ ಗೊತ್ತಿದ್ದು, ಹಂತಹಂತವಾಗಿ ಇಳಿಸುವವರಿದ್ದರೆ ಅದು ಚಿಕಿತ್ಸೆ. ಆ ಮೂರೂ ಗೊತ್ತಿಲ್ಲದೆ ತಿಂಗಳಿಗೆರಡು ಸಲ ಹಾಕಿಸಿಕೊಳ್ಳುವ ಸೂಜಿ, ಹೆಸರಿಲ್ಲದ ಪೊಟ್ಟಣದ ಪುಡಿ ಚಿಕಿತ್ಸೆಯಲ್ಲ. ಪುಡಿಯಲ್ಲಿ ಸ್ಟೀರಾಯ್ಡ್ ಬೆರೆಸಿರುವುದನ್ನು ನಾವು ತಿಳಿಯುವುದು ಹೆಚ್ಚಾಗಿ ಮುಖ ನೋಡಿ: ಮೂರು ತಿಂಗಳ ಹಿಂದೆ ಒಣಗಿದ್ದ ಕೆನ್ನೆ ದುಂಡಗಾಗಿರುತ್ತದೆ, ಮನೆಯವರು ಮೈ ತುಂಬಿಕೊಂಡಿದ್ದಾಳೆಂದು ಸಂತೋಷವಾಗಿರುತ್ತಾರೆ. ಅದನ್ನು ಒಮ್ಮೆಲೇ ನಿಲ್ಲಿಸಿದರೆ ಮೈ ತನ್ನ ಪಾಲಿನ ಸ್ಟೀರಾಯ್ಡನ್ನು ಮಾಡಿಕೊಳ್ಳಲಾರದೆ ಕುಸಿಯಬಹುದು. ಆದ್ದರಿಂದ “ಆ ಪುಡಿ ಇವತ್ತೇ ಬಿಸಾಕಿ” ಎಂದು ಗದರಿಸುವುದೂ ಅಪಾಯವೇ. ಪೊಟ್ಟಣ ತರಿಸಿಕೊಂಡು, ಎಷ್ಟು ದಿನದಿಂದ ಎಂದು ಬರೆದುಕೊಂಡು ವೈದ್ಯರ ಮುಂದಿಡಬೇಕು. ಗದರಿಸುವ ನರ್ಸಿನ ಮುಂದೆ ಯಾರೂ ಪೊಟ್ಟಣ ಬಿಚ್ಚುವುದಿಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಭಾರವಾದದ್ದು. ಬಡವರಿಗೆ ಇವತ್ತಿನ ನೋವೇ ಮುಖ್ಯ, ಐದು ವರ್ಷದ ಮೇಲೆ ಬೆರಳು ಸೊಟ್ಟಗಾಗುವುದು ಆಮೇಲಿನ ಮಾತು. ಈರುಳ್ಳಿ ಕೀಳುವ ವಾರದಲ್ಲಿ ಕೂಲಿ ಬಿಡಲಾಗದು. ಹೊಸದುರ್ಗದ ಒಂದು ಹಳ್ಳಿಯಿಂದ ದಾವಣಗೆರೆಗೋ ಬೆಂಗಳೂರಿಗೋ ಹೋಗಿ ಬರುವುದೆಂದರೆ ಇಬ್ಬರ ಬಸ್ ಚಾರ್ಜು, ಇಬ್ಬರ ದಿನಗೂಲಿ, ದನಕ್ಕೆ ಹುಲ್ಲು ಹಾಕುವವರನ್ನು ಹುಡುಕುವ ಪಾಡು. ಅಂಥವರು ಮಾಡುವ ಲೆಕ್ಕ ತಪ್ಪಲ್ಲ ಎಂಬುದು ಈ ವಾದ. ಇದರ ಮೊದಲರ್ಧವನ್ನು ನಾನು ಪೂರ್ತಿ ಒಪ್ಪುತ್ತೇನೆ. ನೋವು ತಗ್ಗಿಸುವುದು ಕನಿಷ್ಠ ಕರ್ತವ್ಯ, “ರೋಗದ ಮದ್ದು ನಿಧಾನ, ಅಲ್ಲೀವರೆಗೆ ತಡ್ಕೊಳ್ಳಿ” ಎನ್ನುವುದು ಕ್ರೌರ್ಯ. ಎರಡನೆಯರ್ಧವನ್ನು ಒಪ್ಪುವುದಿಲ್ಲ, ಏಕೆಂದರೆ ಅಲ್ಲಿ ಲೆಕ್ಕಕ್ಕೆ ತೆಗೆದುಕೊಂಡಿರುವುದು ದಿನದ ಕೂಲಿಯಷ್ಟೆ. ಈ ರೋಗ ಗಂಡಸರಿಗಿಂತ ಹೆಂಗಸರಿಗೆ ಎರಡು-ಮೂರು ಪಟ್ಟು ಹೆಚ್ಚು, ಅದೂ ಮೂವತ್ತರಿಂದ ಅರವತ್ತರ ನಡುವೆ. ಆ ವಯಸ್ಸಿನ ಕೈ ನಿಂತರೆ ಮನೆಯಲ್ಲಿ ನಿಲ್ಲುವುದೇನೇನು ಎಂದು ಯಾರೂ ಕೂಡಿಸಿ ನೋಡಿಲ್ಲ: ಶಾಲೆ ಬಿಟ್ಟು ಅಡುಗೆಗೆ ನಿಲ್ಲುವ ಮಗಳು, ಮಾರಿಹೋದ ಹಸು, ತಿಂಗಳು ತಿಂಗಳು ಸೂಜಿಗೆ ಕೊಟ್ಟ ಹಣ, ನೋವುಗುಳಿಗೆ ವರ್ಷಗಟ್ಟಲೆ ನುಂಗಿ ಹಾಳಾದ ಮೂತ್ರಪಿಂಡ, ರಕ್ತ ಕಾರಿಸಿದ ಹೊಟ್ಟೆಹುಣ್ಣು. ಇನ್ನು ರೋಗದ ಮದ್ದು ದುಬಾರಿ ಎಂಬುದು ಬಹುಮಟ್ಟಿಗೆ ತಪ್ಪು ತಿಳಿವಳಿಕೆ. ಮೊದಲ ಸಾಲಿನ ಔಷಧಗಳಾದ ಮೆಥೊಟ್ರೆಕ್ಸೇಟ್, ಹೈಡ್ರಾಕ್ಸಿಕ್ಲೋರೋಕ್ವಿನ್, ಸಲ್ಫಾಸಲಜಿನ್ ಮೂರೂ ದೇಶದ ಅಗತ್ಯ ಔಷಧಗಳ ಪಟ್ಟಿಯಲ್ಲಿವೆ. ದುಬಾರಿಯಾಗಿರುವುದು ಅವನ್ನು ಸರಿಯಾಗಿ ತೆಗೆದುಕೊಳ್ಳಲು ಬೇಕಾದ ಕಣ್ಗಾವಲು, ಎಂದರೆ ಬಸ್ ಚಾರ್ಜು ಮತ್ತು ಕೂಲಿ. ಆ ಕಣ್ಗಾವಲನ್ನು ಹಳ್ಳಿಯ ಹತ್ತಿರಕ್ಕೆ ತಂದರೆ ಬಡವರ ಲೆಕ್ಕವೇ ಬದಲಾಗುತ್ತದೆ.

ಮೆಥೊಟ್ರೆಕ್ಸೇಟಿನ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ನರ್ಸಿನ ಕೆಲಸ ಎಲ್ಲಿದೆಯೆಂದು ಈ ಒಂದು ಗುಳಿಗೆ ತೋರಿಸುತ್ತದೆ. “ಅದು ಕ್ಯಾನ್ಸರ್ ಮಾತ್ರೆಯಂತೆ, ಮೆಡಿಕಲ್ ಸ್ಟೋರಿನವರು ಹೇಳಿದ್ರು” ಎಂದು ಅರ್ಧಕ್ಕೇ ಬಿಟ್ಟವರು ಬಹಳ. ಅದರ ಹುಟ್ಟು ಕ್ಯಾನ್ಸರ್ ಚಿಕಿತ್ಸೆಯಲ್ಲೇ ಎಂಬುದು ನಿಜ. ಭೀಮಾವರಂನಲ್ಲಿ ಹುಟ್ಟಿ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ದುಡಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ 1940ರ ದಶಕದಲ್ಲಿ ಫಾಲಿಕ್ ಆಮ್ಲದ ಮೇಲೆ ಮಾಡಿದ ಕೆಲಸದಿಂದ, ಮಕ್ಕಳ ರಕ್ತದ ಕ್ಯಾನ್ಸರಿಗೆಂದು ಬಂದ ಔಷಧಗಳ ಕುಲ ಇದು. ಆದರೆ ಕ್ಯಾನ್ಸರಿಗೆ ಕೊಡುವಾಗ ಪ್ರಮಾಣ ಎಷ್ಟೋ ಪಟ್ಟು ಹೆಚ್ಚು. ಸಂಧಿವಾತಕ್ಕೆ ವಾರಕ್ಕೆ 7.5ರಿಂದ 25 ಮಿಲಿಗ್ರಾಂ. ಈ ಪ್ರಮಾಣದಲ್ಲಿ ಅದು ರಕ್ಷಣಾ ವ್ಯವಸ್ಥೆಯ ಕೋಪ ಇಳಿಸುತ್ತದೆ. ಅಮೆರಿಕದ ಔಷಧ ನಿಯಂತ್ರಕರು ಸಂಧಿವಾತಕ್ಕೆ ಅದನ್ನು ಒಪ್ಪಿದ್ದು 1988ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಲೋಕದೆಲ್ಲೆಡೆ ಚಿಕಿತ್ಸೆಯ ಬೆನ್ನೆಲುಬು ಅದೇ. ಅಪಾಯವಿರುವುದು ‘ವಾರ’ ಎಂಬ ಮಾತಿನಲ್ಲಿ. ವಾರಕ್ಕೊಮ್ಮೆ ಎಂಬುದನ್ನು ದಿನಕ್ಕೊಮ್ಮೆ ಎಂದು ನುಂಗಿದರೆ ಬಾಯಿ ಹುಣ್ಣಾಗಿ, ರಕ್ತಕಣಗಳು ಕುಸಿದು ಜೀವವೇ ಹೋಗಬಹುದು. ಜೊತೆಗೆ ಕೊಡುವ ಫಾಲಿಕ್ ಆಸಿಡ್ ಗುಳಿಗೆಯೂ ಎಷ್ಟೋ ಸಲ ಇದರಂತೆಯೇ ಹಳದಿ, ಇದರಂತೆಯೇ ಸಣ್ಣದು. ಓದು ಬಾರದವರಿಗೆ ‘ಪ್ರತಿ ಗುರುವಾರ’ ಎಂದು ಚೀಟಿಯಲ್ಲಿ ಬರೆದರೆ ಏನು ಪ್ರಯೋಜನ? ನಾನು ಕೇಳುವುದು, “ಅಕ್ಕ, ನಿಮ್ಮೂರ ಸಂತೆ ಯಾವತ್ತು?” ಸಂತೆಯ ರಾತ್ರಿ ಊಟವಾದ ಮೇಲೆ ಈ ಗುಳಿಗೆ, ಮತ್ತೆ ಮುಂದಿನ ಸಂತೆಗೇ. ಫಾಲಿಕ್ ಆಸಿಡ್ ಬೇರೆ ಡಬ್ಬಿಯಲ್ಲಿ, ಬೇರೆ ಗೂಡಿನಲ್ಲಿ, ಬೇರೆ ದಿನ. ಜ್ವರ ಬಂದರೆ, ಬಾಯಿ ಹುಣ್ಣಾದರೆ, ಒಣಕೆಮ್ಮು ಹಿಡಿದು ಉಸಿರು ಕಟ್ಟಿದರೆ ಆ ವಾರದ ಗುಳಿಗೆ ನುಂಗದೆ ಆಸ್ಪತ್ರೆಗೆ. ವೈದ್ಯರು ಹೇಳಿದ ಅಂತರದಲ್ಲಿ ರಕ್ತಕಣ, ಯಕೃತ್ತು, ಮೂತ್ರಪಿಂಡದ ಪರೀಕ್ಷೆ. ಮನೆಯಲ್ಲಿ ಕುಡಿಯುವ ಅಭ್ಯಾಸವಿದೆಯೇ ಎಂಬ ಪ್ರಶ್ನೆ ಹೆಂಗಸರಿಗೂ. ಔಷಧವನ್ನು ಬರೆಯುವುದು ಎರಡು ನಿಮಿಷದ ಕೆಲಸ, ಅದು ವಿಷವಾಗದೆ ಮದ್ದಾಗಿಯೇ ಉಳಿಯುವಂತೆ ನೋಡಿಕೊಳ್ಳುವುದು ವರ್ಷಗಳ ಕೆಲಸ. ಎರಡನೆಯದಕ್ಕೆ ನಮ್ಮ ಭಾಷೆಯಲ್ಲಿ ಶುಶ್ರೂಷೆ ಎಂಬ ಪದವಿದೆ. ಶುಶ್ರೂಷೆ ಎಂದರೆ ಮೂಲದಲ್ಲಿ ಕೇಳುವ ಇಚ್ಛೆ. ನಾನು ಕಲಿತ ಪಠ್ಯದಲ್ಲಿ ಯಾರೂ ಅದನ್ನು ಹೇಳಿಕೊಟ್ಟಿರಲಿಲ್ಲ.

ಕೇಳುವ ಮಾತು ಬಂತಾದ್ದರಿಂದ ಒಂದು ಸಂಗತಿ. ಮೆಥೊಟ್ರೆಕ್ಸೇಟ್ ಬಸುರಿನಲ್ಲಿ ಕೂಡದು, ಮಗುವಿಗೆ ಅಂಗವೈಕಲ್ಯವಾಗಬಹುದು. ಮಗು ಬೇಕೆನ್ನುವವರು ತಿಂಗಳುಗಳ ಮೊದಲೇ ವೈದ್ಯರಿಗೆ ಹೇಳಿ ಅದನ್ನು ನಿಲ್ಲಿಸಿ, ಬಸುರಿನಲ್ಲಿ ತೆಗೆದುಕೊಳ್ಳಬಹುದಾದ ಬೇರೆ ಗುಳಿಗೆಗೆ ಬದಲಾಗಬೇಕು. ಒಪಿಡಿಯಲ್ಲಿ ಗಂಡ ಅಥವಾ ಅತ್ತೆ ಪಕ್ಕದಲ್ಲಿ ನಿಂತಿರುವಾಗ “ಮಕ್ಕಳ ಆಲೋಚನೆ ಇದೆಯೇನಮ್ಮ?” ಎಂದು ಕೇಳಿದರೆ ಮೂವತ್ತರ ಹೆಣ್ಣುಮಗಳು ನೆಲ ನೋಡುತ್ತಾಳೆ. ಅದೇ ಪ್ರಶ್ನೆಯನ್ನು ರಕ್ತ ತೆಗೆಯುವಾಗ, ಪರದೆಯ ಈಚೆ, ತಗ್ಗಿದ ದನಿಯಲ್ಲಿ ಕೇಳಿದರೆ ಮುಟ್ಟು ತಪ್ಪಿರುವುದೂ, ಮನೆಯವರಿಗೆ ರೋಗದ ಹೆಸರೇ ಹೇಳಿಲ್ಲದಿರುವುದೂ, ಬಾಣಂತನದ ಮೂರನೆಯ ತಿಂಗಳಲ್ಲಿ ಕೈ ಮತ್ತೆ ಊದಿದರೂ ಮಗು ಎತ್ತುವುದಿಲ್ಲವೆಂದು ಬೈಸಿಕೊಂಡದ್ದೂ ಎಲ್ಲ ಹೊರಗೆ ಬರುತ್ತದೆ. ಬಸುರಿನಲ್ಲಿ ತಗ್ಗಿದ ರೋಗ ಹೆರಿಗೆಯ ನಂತರ ಕೆರಳುವುದು ವೈದ್ಯಶಾಸ್ತ್ರಕ್ಕೆ ಚೆನ್ನಾಗಿ ಗೊತ್ತಿರುವ ವಿಷಯ. ಗೊತ್ತಿಲ್ಲದಿರುವುದು ಮನೆಯವರಿಗೆ, ಅವರು ಅದನ್ನು ಸೋಮಾರಿತನ ಎನ್ನುತ್ತಾರೆ. ನೋವೇ ರೋಗವೆಂದು ತಿಳಿದವರಿಗೆ ಕಾಣದ ನೋವು ನಾಟಕವಾಗಿ ಕಾಣುವುದು ಸಹಜ. ಈ ನಂಬಿಕೆಯ ಅತ್ಯಂತ ನೋಯಿಸುವ ಫಲ ಇದೇ ಎಂದು ನನಗನ್ನಿಸುತ್ತದೆ.

ಕೊನೆಯ ಆಕ್ಷೇಪ ನಮ್ಮ ವೃತ್ತಿಯ ಒಳಗಿನಿಂದಲೇ ಬರುತ್ತದೆ. ಸಂಧಿವಾತ ತಜ್ಞರು ಇರುವುದು ಬಹುಪಾಲು ದೊಡ್ಡ ನಗರಗಳಲ್ಲಿ. ತಜ್ಞರಿಲ್ಲದ ಊರಿನಲ್ಲಿ ನರ್ಸು ಏನು ಮಾಡಿಯಾಳು? ವಾರ್ಡಿನ ಕೆಲಸಕ್ಕೇ ಕೈ ಸಾಲದಿರುವಾಗ ಇದೊಂದು ಹೊರೆ ಬೇರೆ? ಈ ಮಾತಿನ ಹಿಂದೆಯೂ ಅದೇ ತಪ್ಪಿದೆ: ಚಿಕಿತ್ಸೆಯ ಸಾರವೆಲ್ಲ ಔಷಧ ಬರೆಯುವ ಗಳಿಗೆಯಲ್ಲಿದೆ ಎಂಬ ಎಣಿಕೆ. ಗ್ಲಾಸ್ಗೋದಲ್ಲಿ ನಡೆದು 2004ರಲ್ಲಿ ಪ್ರಕಟವಾದ ಒಂದು ಅಧ್ಯಯನ ಈ ಎಣಿಕೆಯನ್ನು ನೇರವಾಗಿ ಪರೀಕ್ಷಿಸಿತು. 110 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದನ್ನು ಎಂದಿನಂತೆ ಮೂರು ತಿಂಗಳಿಗೊಮ್ಮೆ, ಇನ್ನೊಂದನ್ನು ತಿಂಗಳಿಗೊಮ್ಮೆ ನೋಡಿದರು. ಎರಡನೆಯ ಗುಂಪಿನಲ್ಲಿ ಪ್ರತಿ ಸಲ ಕೀಲುಗಳ ಊತ ಎಣಿಸಿ, ಅಂಕ ಹಾಕಿ, ರೋಗ ತಗ್ಗದಿದ್ದರೆ ಔಷಧ ಏರಿಸಿದರು. ಹೊಸ ಅದ್ಭುತ ಔಷಧ ಯಾವುದೂ ಇರಲಿಲ್ಲ. ಹದಿನೆಂಟು ತಿಂಗಳ ಕೊನೆಗೆ ರೋಗ ಬಹುತೇಕ ಶಾಂತವಾದವರು ಮೊದಲ ಗುಂಪಿನಲ್ಲಿ ನೂರಕ್ಕೆ 16, ಎರಡನೆಯದರಲ್ಲಿ 65. ಅಲ್ಲಿ ಎಣಿಸಿದವರು ವೈದ್ಯರು ಎಂಬುದನ್ನು ಮುಚ್ಚಿಡುವುದಿಲ್ಲ. ಆದರೆ ನರ್ಸು ಎಣಿಸಿದರೆ ಹೇಗೆ ಎಂಬುದನ್ನೂ ನೋಡಿದ್ದಾರೆ. ಇಂಗ್ಲೆಂಡಿನ ಲೀಡ್ಸ್‌ನಲ್ಲಿ 1990ರ ದಶಕದಲ್ಲೇ ನರ್ಸ್ ನಡೆಸುವ ಸಂಧಿವಾತ ಕ್ಲಿನಿಕ್ಕನ್ನು ಒರೆಗೆ ಹಚ್ಚಿದರು. 2014ರಲ್ಲಿ ಬ್ರಿಟನ್ನಿನ ಹತ್ತು ಕೇಂದ್ರಗಳ 181 ರೋಗಿಗಳ ಅಧ್ಯಯನ, ರುಮಟಾಯ್ಡ್ ಸಂಧಿವಾತದವರ ಆರೈಕೆಯಲ್ಲಿ ನರ್ಸಿನ ಕೈಯಲ್ಲಿ ಫಲ ಕಡಿಮೆಯಾಗಲಿಲ್ಲ ಎಂದು ತೋರಿಸಿತು. ಅಲ್ಲಿಯ ನರ್ಸುಗಳಿಗೆ ವಿಶೇಷ ತರಬೇತಿಯಿತ್ತು, ತಜ್ಞರ ನೆರವು ಹತ್ತಿರದಲ್ಲೇ ಇತ್ತು. ಅವರ ಫಲಿತಾಂಶವನ್ನು ಹಾಗೆಯೇ ಹೊಳಲ್ಕೆರೆಗೆ ತಂದಿಡಲು ಬರುವುದಿಲ್ಲ. ನಾನು ಕೇಳುತ್ತಿರುವುದೂ ಅಷ್ಟಲ್ಲ. ಔಷಧ ಶುರು ಮಾಡುವುದು, ಬದಲಿಸುವುದು ವೈದ್ಯರದೇ. ಊದಿದ ಕೀಲು ಎಣಿಸುವುದು, ಗುಳಿಗೆಯ ಲೆಕ್ಕ ನೋಡುವುದು, ರಕ್ತ ತೆಗೆಸುವುದು, ಬಾರದವರಿಗೆ ಫೋನ್ ಮಾಡುವುದು, ಬೆರಳಿನ ವ್ಯಾಯಾಮ ಹೇಳಿಕೊಡುವುದು, ತುರ್ತು ಯಾವುದೆಂದು ಗುರುತಿಸುವುದು ಇಷ್ಟು ನಮ್ಮ ಕೈಯಲ್ಲಿ ಈಗಲೇ ಇರುವ ವಿದ್ಯೆ.

ಈ ಆರೈಕೆ ಬೇಕಾಗಿರುವುದು ಎಷ್ಟು ಜನಕ್ಕೆ ಎಂದು ಕೇಳಬಹುದು. ಪುಣೆ ಜಿಲ್ಲೆಯ ಭಿಗವಾನ್, ದೆಹಲಿ ಹತ್ತಿರದ ಬಲ್ಲಭಗಢದಲ್ಲಿ ನಡೆದ ಗ್ರಾಮೀಣ ಸಮೀಕ್ಷೆಗಳು ರುಮಟಾಯ್ಡ್ ಸಂಧಿವಾತವನ್ನು ವಯಸ್ಕರಲ್ಲಿ ನೂರಕ್ಕೆ ಅರ್ಧದಿಂದ ಮುಕ್ಕಾಲರಷ್ಟು ಕಂಡಿವೆ. 2011ರ ಜನಗಣತಿಯಲ್ಲಿ ಚಿತ್ರದುರ್ಗ ಜಿಲ್ಲೆಯ ಜನಸಂಖ್ಯೆ 16.59 ಲಕ್ಷ. ಕೆಳಗಿನ ಅಂದಾಜನ್ನೇ ಹಿಡಿದರೂ 5,000 ಮಂದಿ ಮೀರುತ್ತಾರೆ. ಉಪಕೇಂದ್ರಗಳಲ್ಲಿ, ಈಗ ಆಯುಷ್ಮಾನ್ ಆರೋಗ್ಯ ಮಂದಿರ ಎಂಬ ಹೆಸರು ಹೊತ್ತವುಗಳಲ್ಲಿ, ನರ್ಸಿಂಗ್ ಓದಿದ ಸಮುದಾಯ ಆರೋಗ್ಯ ಅಧಿಕಾರಿಗಳು ಕೂತಿದ್ದಾರೆ. ಮೂವತ್ತು ದಾಟಿದವರ ಬಿಪಿ, ಶುಗರ್ ನೋಡಿ ಬರೆಯುವ ವ್ಯವಸ್ಥೆ ಅಲ್ಲಿ ಆಗಲೇ ನಡೆಯುತ್ತಿದೆ. ಅದೇ ಹೆಂಗಸು, ಅದೇ ಕುರ್ಚಿ, ಪಟ್ಟಿ ಕಟ್ಟಲು ಚಾಚಿದ ಅದೇ ಕೈ. ಕೈಯ ಬೆರಳುಗಳನ್ನು ನೋಡುವ ಕಾಲಂ ಇಲ್ಲ, ಅಷ್ಟೆ. ಆ ಅಧಿಕಾರಿ ತನ್ನ ಆಸಕ್ತಿಯಿಂದ ನೋಡಿ, ತನ್ನ ಡೈರಿಯಲ್ಲಿ ಬರೆದುಕೊಂಡಿದ್ದರೂ ವರ್ಗವಾದಾಗ ಆ ಡೈರಿ ಅವಳ ಚೀಲದಲ್ಲೇ ಹೋಗುತ್ತದೆ. ನನ್ನದೂ ಹಾಗೇ ಎರಡು ಸಲ ಹೋಗಿದೆ. ಅದರಲ್ಲಿದ್ದವರು ಮತ್ತೆ ಸೂಜಿಗೆ ಮರಳಿರಬಹುದು. ಒಬ್ಬ ವ್ಯಕ್ತಿಯ ಕಾಳಜಿಯ ಮೇಲೆ ನಿಂತ ಆರೈಕೆಗೆ ಈ ದೌರ್ಬಲ್ಯ ಇದ್ದೇ ಇರುತ್ತದೆ, ನನ್ನ ವಾದದ ವಿರುದ್ಧ ಯಾರಾದರೂ ಇದನ್ನೇ ಎತ್ತಿದರೆ ನಾನು ಅಲ್ಲಗಳೆಯಲಾರೆ. ಅದಕ್ಕೇ ಬೇಕಾಗಿರುವುದು ಕೇಂದ್ರದಲ್ಲೇ ಉಳಿಯುವ ಒಂದು ಪುಸ್ತಕ. ಹೆಸರು, ಊರು, ಕುಡಿಯುವ ನೀರು, ವಾರದ ಗುಳಿಗೆ ಮತ್ತು ಸಂತೆಯ ದಿನ, ಕಳೆದ ರಕ್ತಪರೀಕ್ಷೆಯ ತಾರೀಖು, ಊದಿದ ಕೀಲುಗಳ ಸಂಖ್ಯೆ, ಬೆಳಿಗ್ಗೆ ಕೈ ಸಡಿಲವಾಗುವ ಹೊತ್ತು, ಅವರು ಹೇಳಿದ ಮಾತಿನಲ್ಲೇ.